ಪಾದ್ರಿಯ ಪೀಠದಲ್ಲಿ ವೈದ್ಯ: ಕಂಪನಿ ಕಾಲದ ಜೈಲಿನಲ್ಲಿ ಶಿಸ್ತು, ಧರ್ಮ ಮತ್ತು ಆರೋಗ್ಯ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಸುಧಾರಣಾ ಸೆರೆಮನೆಯು ಒಂಟಿ ಕೋಣೆ, ನಿಯತವಾದ ದುಡಿಮೆ ಮತ್ತು ಪ್ರಾರ್ಥನಾ ಮಂದಿರ ಎಂಬ ಮೂರು ಆಧಾರಗಳ ಮೇಲೆ ನಿಂತಿತ್ತು. ಲಂಡನ್ನಿನಲ್ಲಿ 1842ರಲ್ಲಿ ತೆರೆದ ಪೆಂಟನ್‌ವಿಲ್ ಸೆರೆಮನೆಯಲ್ಲಿ ಈ ಮಾದರಿ ತನ್ನ ಪೂರ್ಣ ರೂಪವನ್ನು ಕಂಡಿತು. ಅಲ್ಲಿ ಒಬ್ಬ ಕೈದಿಯ ಮುಖ ಇನ್ನೊಬ್ಬನಿಗೆ ಕಾಣದಂತೆ ಮುಸುಕು ತೊಟ್ಟು ನಡೆಯಬೇಕಾಗಿತ್ತು. ಪ್ರಾರ್ಥನೆಯ ವೇಳೆಯಲ್ಲಿಯೂ ಪ್ರತಿಯೊಬ್ಬನು ಹಲಗೆಗಳಿಂದ ಮರೆಮಾಡಿದ ಪ್ರತ್ಯೇಕ ಗೂಡಿನಲ್ಲಿ ಕುಳಿತು ಎದುರಿನ ಪಾದ್ರಿಯೊಬ್ಬನನ್ನೇ ನೋಡಬೇಕಾಗಿತ್ತು. ಏಕಾಂತದಲ್ಲಿ ಮನಸ್ಸು ತನ್ನ ಪಾಪವನ್ನು ತಾನೇ ನೆನೆಯುತ್ತದೆ, ದುಡಿಮೆ ಅದನ್ನು ಹದಕ್ಕೆ ತರುತ್ತದೆ, ಪಾದ್ರಿಯ ಬೋಧೆ ಅದನ್ನು ತಿರುಗಿಸುತ್ತದೆ ಎಂಬುದು ಆ ವ್ಯವಸ್ಥೆಯ ನಂಬಿಕೆ. ಇದೇ ಕಾಲದಲ್ಲಿ ಭಾರತದಲ್ಲಿ ಜೈಲುಗಳನ್ನು ಕಟ್ಟಲು ಹೊರಟ ಈಸ್ಟ್ ಇಂಡಿಯಾ ಕಂಪನಿ ಸರ್ಕಾರಕ್ಕೆ ಒಂಟಿ ಕೋಣೆಗಳ ಖರ್ಚು ಹೊರಲಾರದ್ದಾಗಿ ಕಂಡಿತು, ಪಾದ್ರಿಯ ಬೋಧೆ ಅಪಾಯಕರವಾಗಿ ಕಂಡಿತು. ಹೀಗಾಗಿ ಅದರ ಕೈಯಲ್ಲಿ ಉಳಿದದ್ದು ದುಡಿಮೆ ಮತ್ತು ದುಡಿಯುವ ದೇಹ ಮಾತ್ರ. ಕೈದಿಯ ಆತ್ಮವನ್ನು ಕೈಬಿಟ್ಟ ಜೈಲು ಅವನ ಹೊಟ್ಟೆ, ಬೆನ್ನು, ತೂಕಗಳ ಮೂಲಕ ಶಿಸ್ತನ್ನು ಸ್ಥಾಪಿಸಲು ಯತ್ನಿಸಿತು ಮತ್ತು ಆ ಯತ್ನದಲ್ಲಿ ಪಾದ್ರಿಗೆ ಸಲ್ಲಬೇಕಾಗಿದ್ದ ಸ್ಥಾನವು ಕಾಲಕ್ರಮದಲ್ಲಿ ವೈದ್ಯನಿಗೆ ಸಂದಿತು.

ಶತಮಾನದ ಆರಂಭದ ಜೈಲುಗಳನ್ನು ಇಂದಿನ ಅರ್ಥದಲ್ಲಿ ಜೈಲು ಎನ್ನುವುದೇ ಕಷ್ಟ. ಹಳೆಯ ಕೋಟೆಯ ಒಂದು ಭಾಗ, ಬಾಡಿಗೆಗೆ ಹಿಡಿದ ಮನೆ, ಮಣ್ಣಿನ ಗೋಡೆಯ ಕೊಟ್ಟಿಗೆ, ಹೀಗೆ ಆಯಾ ಜಿಲ್ಲೆಯಲ್ಲಿ ದೊರೆತ ಕಟ್ಟಡವೇ ಬಂದೀಖಾನೆಯಾಗುತ್ತಿತ್ತು. ಅದರ ಮೇಲಿನ ಅಧಿಕಾರ ಜಿಲ್ಲೆಯ ಮ್ಯಾಜಿಸ್ಟ್ರೇಟನದಾಗಿದ್ದರೂ ದಿನನಿತ್ಯದ ಆಡಳಿತ ಸಣ್ಣ ಸಂಬಳದ ದಾರೋಗನ ಕೈಯಲ್ಲಿತ್ತು. ಕಠಿಣ ಶಿಕ್ಷೆಗೆ ಗುರಿಯಾದ ಕೈದಿಗಳನ್ನು ಕಾಲಿಗೆ ಬೇಡಿ ಹಾಕಿ ಹಗಲಿನಲ್ಲಿ ರಸ್ತೆಯ ಕೆಲಸಕ್ಕೆ ಕರೆದೊಯ್ಯಲಾಗುತ್ತಿತ್ತು. ದೂರದ ರಸ್ತೆಗಳಲ್ಲಿ ಕೆಲಸವಿದ್ದಾಗ ಅವರು ತಿಂಗಳುಗಟ್ಟಲೆ ತಾತ್ಕಾಲಿಕ ಗುಡಿಸಲುಗಳಲ್ಲಿಯೇ ಇರುತ್ತಿದ್ದರು. ಊಟಕ್ಕೆಂದು ಪ್ರತಿಯೊಬ್ಬನಿಗೆ ದಿನಕ್ಕೆ ಇಷ್ಟು ಪೈಸೆ ಎಂದು ಭತ್ಯೆ ಕೊಡಲಾಗುತ್ತಿತ್ತು. ಅದರಲ್ಲಿ ಅಕ್ಕಿಯೋ ಹಿಟ್ಟೋ ಬೇಳೆಯೋ ಸೌದೆಯೋ ಕೊಂಡು ಅಂಗಳದಲ್ಲಿ ತನ್ನದೇ ಒಲೆ ಹೂಡಿ ಬೇಯಿಸಿಕೊಳ್ಳುವುದು, ಉಳಿದ ಕಾಸಿನಲ್ಲಿ ಹೊಗೆಸೊಪ್ಪು ತರಿಸಿಕೊಳ್ಳುವುದು ವಾಡಿಕೆಯಾಗಿತ್ತು. ನೂರಾರು ಒಲೆಗಳು ಉರಿಯುವ, ವ್ಯಾಪಾರಿಗಳು ಬಂದುಹೋಗುವ, ಸಂಜೆಯ ಹೊತ್ತು ಸಂತೆಯಂತೆ ಕಾಣುವ ಈ ಅಂಗಳವು ಹೊಸ ಕಾಲದ ಅಧಿಕಾರಿಗಳ ಕಣ್ಣಿಗೆ ಅಶಿಸ್ತಿನ ಪರಮಾವಧಿಯಾಗಿ ತೋರಿತು. ಆದರೆ ಈ ಸಡಿಲಿಕೆಯನ್ನು ಕರುಣೆಯೆಂದು ಭಾವಿಸಬೇಕಾಗಿಲ್ಲ. ಆಡಳಿತದ ಖರ್ಚು ಕಡಿಮೆಯಾಗಿರಬೇಕು, ಜಾತಿಯ ತಂಟೆ ಬರಬಾರದು ಎಂಬ ಎರಡು ಲೆಕ್ಕಾಚಾರಗಳೇ ಅದನ್ನು ಉಳಿಸಿದ್ದವು.

ಈ ಸ್ಥಿತಿಯನ್ನು ಬದಲಿಸುವ ಮೊದಲ ದೊಡ್ಡ ಪ್ರಯತ್ನ 1836ರಲ್ಲಿ ನೇಮಕಗೊಂಡ ಜೈಲು ಶಿಸ್ತಿನ ಸಮಿತಿಯಿಂದ ಆರಂಭವಾಯಿತು. ಗವರ್ನರ್ ಜನರಲನ ಕಾನೂನು ಸದಸ್ಯನಾಗಿದ್ದ ಮೆಕಾಲೆ 1835ರ ಕೊನೆಯಲ್ಲಿ ಬರೆದ ಟಿಪ್ಪಣಿಯೇ ಅದರ ಮೂಲ. ತಾನು ಕೈಗೆತ್ತಿಕೊಂಡ ದಂಡಸಂಹಿತೆ ಎಷ್ಟೇ ಉತ್ತಮವಾಗಿದ್ದರೂ ಅದು ವಿಧಿಸುವ ಸೆರೆವಾಸವು ಸರಿಯಾದ ಜೈಲುಗಳಿಲ್ಲದೆ ವ್ಯರ್ಥ ಎಂಬುದು ಅವನ ವಾದ. ಅವನೂ ಸದಸ್ಯನಾಗಿದ್ದ ಈ ಸಮಿತಿ 1838ರಲ್ಲಿ ಸಲ್ಲಿಸಿದ ವರದಿಯು ರಸ್ತೆ ಕೆಲಸವನ್ನು ಖಂಡಿಸಿತು. ಒಂದು ವರ್ಷಕ್ಕೆ ಮೀರಿದ ಶಿಕ್ಷೆಯವರಿಗಾಗಿ ಸುಮಾರು ಸಾವಿರ ಜನ ಹಿಡಿಯುವ ಕೇಂದ್ರ ಕಾರಾಗೃಹಗಳನ್ನು, ಎಂದರೆ ಹಲವು ಜಿಲ್ಲೆಗಳ ದೀರ್ಘಾವಧಿ ಕೈದಿಗಳನ್ನು ಒಂದೆಡೆ ಸೇರಿಸುವ ದೊಡ್ಡ ಜೈಲುಗಳನ್ನು, ಗೋಡೆಗಳ ಒಳಗೇ ನಡೆಯುವ ಬೇಸರದ ಏಕತಾನದ ದುಡಿಮೆಯನ್ನು, ಪ್ರತಿ ಪ್ರಾಂತಕ್ಕೆ ಒಬ್ಬ ಇನ್ಸ್‌ಪೆಕ್ಟರ್ ಜನರಲನನ್ನು ಸೂಚಿಸಿತು. ವಾಯವ್ಯ ಪ್ರಾಂತಗಳಲ್ಲಿ 1844ರಲ್ಲಿ ಇಂಥ ಮೊದಲ ಅಧಿಕಾರಿಯ ನೇಮಕವಾಯಿತು, 1846ರಲ್ಲಿ ಆಗ್ರಾದಲ್ಲಿ ಮೊದಲ ಕೇಂದ್ರ ಕಾರಾಗೃಹ ಬಂದಿತು. ಈ ಪಟ್ಟಿಗಿಂತಲೂ ಗಮನಾರ್ಹವಾದುದು ವರದಿಯು ತಳ್ಳಿಹಾಕಿದ ಅಂಶಗಳು. ಕೈದಿಗಳಿಗೆ ನೀತಿಬೋಧೆ ಬೇಡ, ಧರ್ಮಬೋಧೆ ಬೇಡ, ವಿದ್ಯಾಭ್ಯಾಸ ಬೇಡ, ಸನ್ನಡತೆಗೆ ಬಹುಮಾನವೂ ಬೇಡ ಎಂದು ಅದು ನಿರ್ಧರಿಸಿತು. ಸುಧಾರಣೆಯ ಹೆಸರಿನಲ್ಲಿ ಕುಳಿತ ಸಮಿತಿಯೊಂದು ಸುಧಾರಿಸುವ ಎಲ್ಲ ಸಾಧನಗಳನ್ನೂ ಬದಿಗಿಟ್ಟು ಭಯ ಹುಟ್ಟಿಸುವ ಸಾಧನಗಳನ್ನು ಮಾತ್ರ ಉಳಿಸಿಕೊಂಡದ್ದು ವಸಾಹತು ಆಡಳಿತದ ಮನೋಧರ್ಮಕ್ಕೆ ಬೇರೆ ಸಾಕ್ಷಿಯೇ ಬೇಡವೆನ್ನುವಂತಿದೆ.

ಧರ್ಮಬೋಧೆಯನ್ನು ಕೈಬಿಟ್ಟದ್ದಕ್ಕೆ ಕಂಪನಿಯ ಧಾರ್ಮಿಕ ತಾಟಸ್ಥ್ಯದ ನೀತಿಯನ್ನು ಕಾರಣವಾಗಿ ಹೇಳುವುದು ರೂಢಿ. 1813ರ ಸನ್ನದಿನ ನಂತರ ಮಿಷನರಿಗಳಿಗೆ ಭಾರತದಲ್ಲಿ ಕೆಲಸ ಮಾಡಲು ಅವಕಾಶ ದೊರೆತಿದ್ದರೂ ಅವರ ಬೋಧೆ ಸರ್ಕಾರದ್ದಲ್ಲ ಎಂದು ತೋರಿಸಿಕೊಳ್ಳುವುದು ಕಂಪನಿಗೆ ಅಗತ್ಯವಾಗಿತ್ತು. ಪೇಟೆಯ ಬೀದಿಯಲ್ಲಿ ಬೋಧಿಸುವ ಮಿಷನರಿಯ ಮಾತು ಒಲ್ಲದವನು ಎದ್ದುಹೋಗಬಹುದು. ಬೇಡಿ ಹಾಕಿಸಿಕೊಂಡು ಕುಳಿತವನಿಗೆ ಆ ಸ್ವಾತಂತ್ರ್ಯವಿಲ್ಲವಾದ್ದರಿಂದ ಜೈಲಿನೊಳಗಿನ ಬೋಧೆ ಬಲಾತ್ಕಾರದ ಮತಾಂತರವೆಂದೇ ಹೊರಗೆ ಸುದ್ದಿಯಾಗುತ್ತಿತ್ತು. ಆದ್ದರಿಂದ ಈ ತಾಟಸ್ಥ್ಯದ ಬೇರು ಸಹಿಷ್ಣುತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ಅಂಜಿಕೆಯಲ್ಲಿತ್ತು. ಆ ಅಂಜಿಕೆ ನಿರಾಧಾರವಾದದ್ದೂ ಅಲ್ಲ. ಪಾದ್ರಿಯನ್ನು ಹೊರಗಿಟ್ಟ ಮಾತ್ರಕ್ಕೆ ಧರ್ಮದ ಪ್ರಶ್ನೆ ಜೈಲಿನ ಬಾಗಿಲ ಹೊರಗೇ ಉಳಿಯಲಿಲ್ಲ. ಅದು ಅಡುಗೆ ಒಲೆಯ ಮೂಲಕ ಒಳಗೆ ಬಂದಿತು.

ಭತ್ಯೆಯ ಬದಲು ಪಡಿ ಕೊಡುವುದು ಮೊದಲ ಹೆಜ್ಜೆಯಾಗಿತ್ತು. ಪಡಿ ಎಂದರೆ ನಿಗದಿತ ತೂಕದ ಧಾನ್ಯ, ಬೇಳೆ, ಉಪ್ಪು, ಎಣ್ಣೆಗಳನ್ನು ಜೈಲಿನಿಂದಲೇ ಅಳೆದುಕೊಡುವ ಕ್ರಮ. ಎರಡನೆಯ ಹೆಜ್ಜೆಯಾಗಿ 1840ರ ದಶಕದ ಆರಂಭದಿಂದ ಬಂಗಾಳ ಮತ್ತು ವಾಯವ್ಯ ಪ್ರಾಂತಗಳಲ್ಲಿ ಸಾಮೂಹಿಕ ಅಡುಗೆಯ ಪದ್ಧತಿ ಬಂದಿತು. ಕೈದಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಒಬ್ಬ ಅಡುಗೆಯವನನ್ನು ಗೊತ್ತುಮಾಡಿ, ಒಂದೇ ಪಾತ್ರೆಯಲ್ಲಿ ಬೆಂದದ್ದನ್ನು ಎಲ್ಲರಿಗೂ ಬಡಿಸುವುದು ಇದರ ಸ್ವರೂಪ. ಅಧಿಕಾರಿಗಳ ದೃಷ್ಟಿಯಲ್ಲಿ ಇದರಿಂದ ಸೌದೆ ಉಳಿಯುತ್ತಿತ್ತು, ಒಲೆಯ ಮುಂದೆ ಕಳೆಯುತ್ತಿದ್ದ ಗಂಟೆಗಳು ದುಡಿಮೆಗೆ ಸಿಗುತ್ತಿದ್ದವು, ಹೊಗೆಸೊಪ್ಪಿನ ಗುಪ್ತ ವ್ಯಾಪಾರವೂ ನಿಲ್ಲುತ್ತಿತ್ತು. ಕೈದಿಗಳ ದೃಷ್ಟಿಯಲ್ಲಿ ಇದು ಶಿಕ್ಷೆಯ ಮೇಲೆ ಹೇರಿದ ಇನ್ನೊಂದು ಶಿಕ್ಷೆಯಾಗಿತ್ತು. ಉತ್ತರ ಭಾರತದ ಮೇಲ್ಜಾತಿಗಳಲ್ಲಿ ಬೇಯಿಸಿದ ಅನ್ನವನ್ನು ಯಾರ ಕೈಯಿಂದ ಪಡೆಯಬಹುದು ಎಂಬುದಕ್ಕೆ ಜಾತಿಯೊಳಗಿನ ಉಪಪಂಗಡ, ಗೋತ್ರ, ಊರುಗಳವರೆಗೂ ಹೋಗುವ ಸೂಕ್ಷ್ಮ ನಿಯಮಗಳಿದ್ದವು. ಅಡುಗೆಯವನು ಬ್ರಾಹ್ಮಣನಾಗಿದ್ದರೆ ಸಾಕು, ಎಲ್ಲರೂ ಉಣ್ಣುತ್ತಾರೆ ಎಂಬ ಸರ್ಕಾರದ ಊಹೆ ಆ ಸೂಕ್ಷ್ಮತೆಯನ್ನು ಅರಿಯದ್ದು. ಅವಧಿ ಮುಗಿಸಿ ಊರಿಗೆ ಮರಳಿದವನನ್ನು ಬಂಧುಗಳು ಪಂಕ್ತಿಗೆ ಸೇರಿಸದಿದ್ದರೆ, ಮನೆಯ ಮಗಳಿಗೆ ಸಂಬಂಧ ಕುದುರದಿದ್ದರೆ, ಆರು ತಿಂಗಳ ಶಿಕ್ಷೆಯೂ ಜೀವಾವಧಿಯಾಗುವ ಭಯ ಅವನಿಗಿತ್ತು. ಬಿಹಾರದ ಹಲವು ಜೈಲುಗಳಲ್ಲಿ ಕೈದಿಗಳು ಊಟ ನಿರಾಕರಿಸಿದರು, ಗಲಭೆಗಳಾದವು, ಪಟ್ಟಣದ ಜನ ಅವರ ಪರ ನಿಂತರು. ಸರ್ಕಾರ ಕೆಲವೆಡೆ ಹಿಂಜರಿಯಿತು, ಕೆಲವೆಡೆ ಗುಂಪುಗಳನ್ನು ಜಾತಿವಾರು ಒಡೆದು ಚಿಕ್ಕದಾಗಿಸಿತು, ಆದರೆ ಪದ್ಧತಿಯನ್ನು ಪೂರ್ತಿಯಾಗಿ ಬಿಡಲಿಲ್ಲ.

ಇದರ ಮುಂದುವರಿಕೆಯೇ 1855ರ ತಂಬಿಗೆ ಗಲಭೆಗಳು. ಕೈದಿಗಳು ತಮ್ಮೊಂದಿಗೆ ಇಟ್ಟುಕೊಳ್ಳುತ್ತಿದ್ದ ಹಿತ್ತಾಳೆಯ ತಂಬಿಗೆಯನ್ನು ಆಯುಧವೆಂದು ಅಧಿಕಾರಿಗಳು ಭಾವಿಸಿದ್ದರು. ಅದಕ್ಕೆ ಕಾರಣವೂ ಇತ್ತು: 1834ರಲ್ಲಿ ಕಲ್ಕತ್ತೆಯ ಬಳಿಯ ಅಲಿಪುರ ಜೈಲಿನಲ್ಲಿ ಅಲ್ಲಿನ ಮ್ಯಾಜಿಸ್ಟ್ರೇಟನನ್ನು ಕೈದಿಗಳು ತಂಬಿಗೆಗಳಿಂದಲೇ ಹೊಡೆದು ಕೊಂದಿದ್ದರು. ಹಿತ್ತಾಳೆಯ ತಂಬಿಗೆಗಳನ್ನು ಕಿತ್ತುಕೊಂಡು ಮಣ್ಣಿನ ಪಾತ್ರೆಗಳನ್ನು ಕೊಡುವ ಆದೇಶ 1855ರಲ್ಲಿ ಆರಾ ಮತ್ತು ಮುಜಫ್ಫರಪುರದ ಜೈಲುಗಳನ್ನು ತಲುಪಿದಾಗ ಕೈದಿಗಳು ಸಿಡಿದೆದ್ದರು. ಲೋಹದ ಪಾತ್ರೆ ಬೂದಿ, ಮಣ್ಣು ಹಾಕಿ ತಿಕ್ಕಿದರೆ ಶುದ್ಧವಾಗುತ್ತದೆ. ಮಣ್ಣಿನದು ಹಾಗಲ್ಲ, ಒಮ್ಮೆ ಮೈಲಿಗೆಯಾದರೆ ಅದನ್ನು ಒಡೆದು ಎಸೆಯಬೇಕೇ ಹೊರತು ಮಡಿಗೆ ಮರಳಿಸುವ ದಾರಿಯಿಲ್ಲ. ಶೌಚಕ್ಕೂ ಕುಡಿಯುವ ನೀರಿಗೂ ಅದೊಂದೇ ಪಾತ್ರೆ, ಅದನ್ನು ಹಿಂದೆ ಯಾರು ಬಳಸಿದ್ದರೋ ತಿಳಿಯದು ಎಂಬ ಸಂಶಯವಂತೂ ಸಹಿಸಲಾಗದ್ದು. ಆರಾದಲ್ಲಿ ಕೈದಿಗಳ ಮೇಲೆ ಗುಂಡು ಹಾರಿಸಲಾಯಿತು. ಮುಜಫ್ಫರಪುರದಲ್ಲಿ ಪಟ್ಟಣದವರೂ ಸುತ್ತಲಿನ ರೈತರೂ ದೊಡ್ಡ ಸಂಖ್ಯೆಯಲ್ಲಿ ಜೈಲಿನ ಮುಂದೆ ನೆರೆದರು, ಕೊನೆಗೆ ತಂಬಿಗೆಗಳನ್ನು ಹಿಂದಿರುಗಿಸಿದ ಮೇಲೆಯೇ ಜನ ಚದುರಿದರು. ಕಳ್ಳರು, ದರೋಡೆಕೋರರೆಂದು ಶಿಕ್ಷೆಗೊಳಗಾದವರಿಗಾಗಿ ಗೃಹಸ್ಥರು ಬೀದಿಗಿಳಿದದ್ದು ಅಧಿಕಾರಿಗಳಿಗೆ ಒಗಟಾಗಿ ಕಂಡಿತು. ವಾಸ್ತವದಲ್ಲಿ ಅಂದು ಜೈಲನ್ನು ಊರು ತನಗಿಂತ ಬೇರೆಯೆಂದು ಭಾವಿಸಿರಲಿಲ್ಲ; ಇಂದು ಕೈದಿಗೆ ಮಾಡಿದ್ದನ್ನು ನಾಳೆ ಸರ್ಕಾರ ಎಲ್ಲರಿಗೂ ಮಾಡುತ್ತದೆ ಎಂದು ಅದು ಓದಿಕೊಂಡಿತು. ಎರಡು ವರ್ಷಗಳ ನಂತರ ಸಿಪಾಯಿಗಳು ಕೊಬ್ಬು ಸವರಿದ ತೋಟೆಗಳ ಬಗ್ಗೆ ಇದೇ ರೀತಿ ತರ್ಕಿಸಿದರು. 1857ರ ಇತಿಹಾಸ ಬರೆದ ಜಾನ್ ಕೇ ಜೈಲಿನ ಅಡುಗೆ ಮತ್ತು ತಂಬಿಗೆಯ ಪ್ರಕರಣಗಳನ್ನು ದಂಗೆಯ ಪೂರ್ವಪೀಠಿಕೆಯಲ್ಲಿ ಸೇರಿಸಿದ್ದು ಆಕಸ್ಮಿಕವಲ್ಲ.

ಆ ವರ್ಷದ ಮೇ 10ರಂದು ಮೀರತ್ತಿನ ಸಿಪಾಯಿಗಳು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಜೈಲನ್ನು ಒಡೆದು ತಮ್ಮ ಸಂಗಡಿಗರನ್ನು ಬಿಡಿಸಿದ್ದು. ಮುಂದಿನ ತಿಂಗಳುಗಳಲ್ಲಿ ಸುಮಾರು 40 ಜೈಲುಗಳು ಹೀಗೆ ದಾಳಿಗೆ ಗುರಿಯಾಗಿ 20,000ಕ್ಕೂ ಹೆಚ್ಚು ಕೈದಿಗಳು ಹೊರಬಂದರು. ದಂಗೆ ಅಡಗಿದ ನಂತರ ಸೆರೆಸಿಕ್ಕವರನ್ನು ಇಡಲು ಒಳನಾಡಿನ ಜೈಲುಗಳು ಸಾಲದಾದಾಗ ಅಂಡಮಾನ್ ದ್ವೀಪಗಳನ್ನು ಆರಿಸಲಾಯಿತು. ಸ್ಥಳವನ್ನು ಪರಿಶೀಲಿಸಿದ ತಂಡದ ಮುಖ್ಯಸ್ಥ ಫ್ರೆಡರಿಕ್ ಮೊವಾಟ್, ವೃತ್ತಿಯಿಂದ ವೈದ್ಯ, ಹುದ್ದೆಯಿಂದ ಬಂಗಾಳದ ಜೈಲುಗಳ ಇನ್ಸ್‌ಪೆಕ್ಟರ್ ಜನರಲ್. 1858ರ ಮಾರ್ಚ್ 10ರಂದು 200 ಕೈದಿಗಳ ಮೊದಲ ತಂಡ ಪೋರ್ಟ್ ಬ್ಲೇರ್ ತಲುಪಿತು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ನಂಬಿಕೆಯಿಂದಾಗಿ ಕರಿನೀರಿನ ಶಿಕ್ಷೆ, ಎಂದರೆ ಕೈದಿಯನ್ನು ಕಡಲಾಚೆಗೆ ಸಾಗಿಸುವ ದಂಡನೆ, ಮರಣದಂಡನೆಗಿಂತಲೂ ಹೆಚ್ಚು ಭಯ ಹುಟ್ಟಿಸುತ್ತದೆ ಎಂದು ಅಧಿಕಾರಿಗಳು ಬಹುಕಾಲದಿಂದ ಹೇಳುತ್ತಿದ್ದರು, 1838ರ ಸಮಿತಿಯೂ ಅದನ್ನೇ ಹೇಳಿತ್ತು. ಜೈಲಿನ ಅಡುಗೆಮನೆಯಲ್ಲಿ ಜಾತಿಯನ್ನು ಮೂಢನಂಬಿಕೆಯೆಂದು ಜರೆದ ಸರ್ಕಾರವೇ ಹಡಗಿನ ಮೇಲೆ ಅದನ್ನು ಶಿಕ್ಷೆಯ ಅಸ್ತ್ರವಾಗಿ ಬಳಸಿತು. ಅದೇ ಹಡಗಿನಲ್ಲಿ ಮೇಲ್ಜಾತಿಯ ಕೈದಿಗಳಿಗೆ ಬೇಯಿಸಿದ ಅನ್ನದ ತೊಡಕು ಬಾರದಿರಲೆಂದು ಅವಲಕ್ಕಿ, ಹುರಿಗಡಲೆಗಳನ್ನು ಕೊಡುತ್ತಿದ್ದುದೂ ಉಂಟು. ಆಡಳಿತಕ್ಕೆ ಧರ್ಮದ ಬಗ್ಗೆ ಒಂದು ನಿಲುವಿರಲಿಲ್ಲ, ಸಂದರ್ಭಕ್ಕೆ ತಕ್ಕ ಅನುಕೂಲವಿತ್ತು.

1857ರ ಪಾಠವನ್ನು ಕಲಿತ, ಕಂಪನಿಯ ಸ್ಥಾನಕ್ಕೆ ಬಂದ ರಾಣಿಯ ಸರ್ಕಾರವು ಜಾತಿಯೊಂದಿಗೆ ಸೆಣಸುವ ಗೋಜಿಗೆ ಹೋಗದೆ ಅದನ್ನು ಜೈಲಿನ ನಿಯಮಾವಳಿಯೊಳಗೇ ಸೇರಿಸಿಕೊಂಡಿತು. 1864ರಿಂದ ಮೊದಲ್ಗೊಂಡು ಪ್ರಾಂತಗಳು ಹೊರಡಿಸಿದ ಜೈಲು ಸಂಹಿತೆಗಳಲ್ಲಿ ಅಡುಗೆಯವರು ತಕ್ಕ ಜಾತಿಯವರಾಗಿರಬೇಕು, ಶೌಚಾಲಯ ತೊಳೆಯುವ ಕೆಲಸವನ್ನು ಹೊರಗೆ ಆ ಕೆಲಸ ಮಾಡುತ್ತಿದ್ದ ಜಾತಿಗಳ ಕೈದಿಗಳಿಗೇ ಕೊಡಬೇಕು ಎಂಬ ಬಗೆಯ ವಿಧಿಗಳು ಸೇರುತ್ತ ಬಂದವು. ಮೇಲ್ನೋಟಕ್ಕೆ ಇದು ಕೈದಿಗಳ ನಂಬಿಕೆಗೆ ಸಂದ ಗೌರವ. ಗೌರವ ಯಾರಿಗೆ ಸಂದಿತು, ಅದರ ಬೆಲೆಯನ್ನು ಯಾರು ತೆತ್ತರು ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಬಿಹಾರದ ಗಲಭೆಗಳಲ್ಲಿ ಮೇಲ್ಜಾತಿಯವರು ಗಳಿಸಿದ ವಿನಾಯಿತಿಯು ಕೆಳಜಾತಿಗಳ ಕೈದಿಗೆ ಮಲ ಹೊರುವ ಕಾಯಂ ಶಿಕ್ಷೆಯಾಗಿ ಪರಿಣಮಿಸಿತು. ಕಳ್ಳತನಕ್ಕಾಗಿ ಒಳಗೆ ಬಂದ ಇಬ್ಬರು ಒಂದೇ ಅವಧಿಯ ಶಿಕ್ಷೆಯನ್ನು ಅನುಭವಿಸುತ್ತಿದ್ದರೂ ಅವರ ಸೆರೆವಾಸ ಒಂದೇ ಆಗಿರಲಿಲ್ಲ. ಇಂಗ್ಲೆಂಡಿನ ಸೆರೆಮನೆಯು ಕೈದಿಯ ಹಿಂದಿನ ಗುರುತುಗಳನ್ನೆಲ್ಲ ಅಳಿಸಿ ಅವನನ್ನು ಸಂಖ್ಯೆಯಾಗಿಸಲು ಹೊರಟಿದ್ದರೆ ಭಾರತದ ಜೈಲು ಅವನ ಹುಟ್ಟನ್ನು ದಾಖಲೆ ಪುಸ್ತಕದಲ್ಲಿ ಬರೆದುಕೊಂಡೇ ಒಳಗೆ ಬಿಟ್ಟುಕೊಂಡಿತು.

ಈ ಎಲ್ಲ ಜಗಳಗಳ ನಡುವೆ ಜೈಲಿನ ಅತ್ಯಂತ ಭೀಕರ ಸತ್ಯವಾಗಿದ್ದದ್ದು ಸಾವು. 1864ರಲ್ಲಿ ನೇಮಕಗೊಂಡ ಎರಡನೆಯ ಅಖಿಲ ಭಾರತ ಸಮಿತಿಯು ಹಿಂದಿನ ಹತ್ತು ವರ್ಷಗಳಲ್ಲಿ ಭಾರತದ ಜೈಲುಗಳೊಳಗೆ 46,309 ಸಾವುಗಳಾಗಿವೆ ಎಂದು ಲೆಕ್ಕ ಕೊಟ್ಟಿತು. ನ್ಯಾಯಾಧೀಶನು ಬರೆದದ್ದು ಮೂರು ವರ್ಷಗಳ ಕಠಿಣ ಸಜೆಯಾಗಿದ್ದರೂ ಅದು ಮರಣದಂಡನೆಯಾಗಿ ಮುಗಿಯುವ ಸಂಭವ ಸಣ್ಣದಾಗಿರಲಿಲ್ಲ. ಆಮಶಂಕೆ, ಭೇದಿ, ಕಾಲರಾ, ಜ್ವರಗಳು ಮುಖ್ಯ ಕಾರಣಗಳು. ಕಿಕ್ಕಿರಿದ ಬರಾಕುಗಳು, ಒಳಗೇ ಇಟ್ಟ ರಾತ್ರಿಯ ಮಲಪಾತ್ರೆಗಳು, ಕೆಟ್ಟ ನೀರು, ತೇವದ ನೆಲ, ಊರಿನ ಆಹಾರಕ್ಕಿಂತ ಬೇರೆಯಾದ ಧಾನ್ಯ ಇವೆಲ್ಲ ಅವುಗಳಿಗೆ ದಾರಿ ಮಾಡಿದ್ದವು. ರೋಗಾಣುಗಳ ಅರಿವು ಇನ್ನೂ ಬಂದಿರದ ಕಾಲವದು. ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ರೋಗದ ಮೂಲ ಎಂಬ ಮತವನ್ನು ಬಹುಪಾಲು ವೈದ್ಯರು ಒಪ್ಪಿದ್ದರು. ಆದ್ದರಿಂದ 1864ರ ಸಮಿತಿಯ ಪರಿಹಾರವೂ ಗಾಳಿಯ ಲೆಕ್ಕದಲ್ಲಿಯೇ ಇತ್ತು: ಪ್ರತಿ ಕೈದಿಗೆ ಕನಿಷ್ಠ 54 ಚದರ ಅಡಿ ನೆಲ, 640 ಘನ ಅಡಿ ಗಾಳಿ. ಸಿದ್ಧಾಂತ ತಪ್ಪಾಗಿದ್ದರೂ ಅದರಿಂದ ಹುಟ್ಟಿದ ಕ್ರಮ ತಪ್ಪಾಗಿರಲಿಲ್ಲ, ಏಕೆಂದರೆ ಜನದಟ್ಟಣೆ ಕಡಿಮೆಯಾದಲ್ಲಿ ಹಲವು ಸೋಂಕು ರೋಗಗಳು ಹರಡುವುದೂ ಕಡಿಮೆಯಾಗುತ್ತದೆ. ಆದರೆ ಹೆಚ್ಚಿನ ಜೈಲುಗಳಲ್ಲಿ ಈ ಅಳತೆ ಬಹುಕಾಲ ಕಾಗದದ ಮೇಲೆಯೇ ಉಳಿಯಿತು. ಜೈಲುಗಳ ಮೇಲ್ವಿಚಾರಣೆಯನ್ನು ವೈದ್ಯಾಧಿಕಾರಿಗಳಿಗೇ ವಹಿಸಬೇಕೆಂಬ ಅದೇ ಸಮಿತಿಯ ಸಲಹೆ ಮಾತ್ರ ವ್ಯಾಪಕವಾಗಿ ಜಾರಿಗೆ ಬಂದಿತು. ಜಿಲ್ಲೆಯ ಸಿವಿಲ್ ಸರ್ಜನ್ ಎಂಬ ಸರ್ಕಾರಿ ವೈದ್ಯನೇ ಜೈಲಿನ ಸೂಪರಿಂಟೆಂಡೆಂಟ್ ಆದಾಗ ಬೇಡಿಯ ಬೀಗದ ಕೈಯೂ ಔಷಧದ ಪೆಟ್ಟಿಗೆಯ ಕೀಲಿಯೂ ಒಬ್ಬನ ಬಳಿಗೇ ಬಂದವು.

ವೈದ್ಯನಿಗೆ ಜೈಲು ತಾನಾಗಿಯೇ ಒದಗಿದ ಪ್ರಯೋಗಶಾಲೆಯೂ ಆಗಿತ್ತು. ಹೊರಗಿನ ಸಮಾಜದಲ್ಲಿ ಯಾರು ಎಷ್ಟು ಉಣ್ಣುತ್ತಾರೆ, ಯಾವ ರೋಗದಿಂದ ಸಾಯುತ್ತಾರೆ ಎಂದು ತಿಳಿಯುವ ಮಾರ್ಗವೇ ಇಲ್ಲದಿದ್ದ ಕಾಲದಲ್ಲಿ ಉಣಿಸಿನ ತೂಕ, ದುಡಿಮೆಯ ಗಂಟೆ, ಮೈತೂಕ, ಸಾವಿನ ಕಾರಣ ಎಲ್ಲವೂ ದಾಖಲಾಗುವ ದೇಹಗಳು ದೊರೆಯುತ್ತಿದ್ದದ್ದು ಜೈಲಿನಲ್ಲಿ ಮತ್ತು ಪಲ್ಟನ್ನಿನಲ್ಲಿ ಮಾತ್ರ. ಮದ್ರಾಸ್ ಪ್ರಾಂತದಲ್ಲಿ ಡಬ್ಲ್ಯು. ಆರ್. ಕಾರ್ನಿಷ್ 1863ರಲ್ಲಿ ಪ್ರಾಂತದ ಜನರ ಆಹಾರವನ್ನೂ ಜಿಲ್ಲಾ ಜೈಲುಗಳ ಪಡಿಯನ್ನೂ ಹೋಲಿಸಿ ವಿಸ್ತಾರವಾದ ವರದಿ ಬರೆದನು, ಕಲ್ಕತ್ತೆಯಲ್ಲಿ ಟಿ. ಆರ್. ಲೂಯಿಸ್ 1880ರ ಸುಮಾರಿಗೆ ದುಡಿಯುವ ಕೈದಿಗಳ ಆಹಾರದ ಬಗ್ಗೆ ಇಂಥದೇ ಅಧ್ಯಯನ ಮಾಡಿದನು. ಇಂಥ ವರದಿಗಳಲ್ಲಿ ಎರಡು ಧ್ವನಿಗಳು ಒಟ್ಟಿಗೇ ಕೇಳುತ್ತವೆ. ಕೈದಿ ಸಾಯಬಾರದು, ಸತ್ತರೆ ಅದು ಆಡಳಿತದ ಕಳಂಕ ಎಂಬುದು ಒಂದು. ಹೊರಗಿನ ಬಡವನಿಗೆ ದೊರೆಯುವುದಕ್ಕಿಂತ ಜೈಲಿನ ಊಟ ಉತ್ತಮವಾಗಿರಬಾರದು, ಹಾಗಾದರೆ ಜೈಲಿಗೆ ಯಾರೂ ಹೆದರುವುದಿಲ್ಲ ಎಂಬುದು ಇನ್ನೊಂದು. ದಕ್ಷಿಣದ ಜೈಲುಗಳಲ್ಲಿ ರಾಗಿ ಕೊಡಬೇಕೋ ಅಕ್ಕಿ ಕೊಡಬೇಕೋ ಎಂಬ ಚರ್ಚೆಯೂ ಈ ಎರಡು ಧ್ವನಿಗಳ ನಡುವಿನದೇ. ರಾಗಿ ಅಗ್ಗ, ದುಡಿಯುವವನಿಗೆ ಕಸುವು ಕೊಡುವಂಥದು ಎಂಬ ಪಕ್ಷ ಒಂದೆಡೆ. ಅನ್ನ ಉಂಡು ಬೆಳೆದ ತೀರಪ್ರದೇಶದವನ ಹೊಟ್ಟೆಗೆ ಅದು ಒಗ್ಗದೆ ಭೇದಿಗೆ ಕಾರಣವಾಗುತ್ತದೆ ಎಂಬ ಪಕ್ಷ ಇನ್ನೊಂದೆಡೆ. ಹಳೆಯ ಮೈಸೂರಿನ ರೈತನಿಗೆ ದಿನದ ಊಟವಾಗಿದ್ದ ಮುದ್ದೆ ಬೇರೆ ಸೀಮೆಯ ಕೈದಿಗೆ ದಂಡನೆಯಾಗಿ ಕಾಣುತ್ತಿತ್ತು.

ಈ ಲೆಕ್ಕಾಚಾರವೆಲ್ಲ ಬುಡಮೇಲಾದದ್ದು 1876–78ರ ಬರಗಾಲದಲ್ಲಿ. ಮದ್ರಾಸ್, ಮುಂಬಯಿ ಪ್ರಾಂತಗಳನ್ನೂ ಮೈಸೂರು ಸಂಸ್ಥಾನವನ್ನೂ ಹಿಂಡಿದ ಈ ಕ್ಷಾಮದಲ್ಲಿ ಮೈಸೂರೊಂದೇ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಸಾಕು ಎಂದು ಕೇಂದ್ರ ಸರ್ಕಾರದ ಪ್ರತಿನಿಧಿ ರಿಚರ್ಡ್ ಟೆಂಪಲ್ ನಿಗದಿಪಡಿಸಿದಾಗ ಅದನ್ನು ಎದುರಿಸಿ ನಿಂತವನು, ಅಷ್ಟರಲ್ಲಿ ಮದ್ರಾಸಿನ ನೈರ್ಮಲ್ಯ ಕಮಿಷನರ್ ಆಗಿದ್ದ ಅದೇ ಕಾರ್ನಿಷ್. ಜೈಲಿನ ಪಡಿಯ ಅಂಕಿಗಳನ್ನು ಬಲ್ಲ ಅವನಿಗೆ ನಿರಪರಾಧಿ ಕೂಲಿಗೆ ಅಪರಾಧಿ ಕೈದಿಗಿಂತ ಕಡಿಮೆ ಆಹಾರ ಸಿಗುತ್ತಿದೆ ಎಂಬುದು ಸ್ಪಷ್ಟವಾಗಿತ್ತು. ಹಸಿದವರು ಧಾನ್ಯ ಕದ್ದು ಸಿಕ್ಕಿಬಿದ್ದರು, ಸಿಕ್ಕಿಬೀಳುವುದಕ್ಕೆಂದೇ ಕದ್ದವರೂ ಇದ್ದರು. ಜೈಲುಗಳು ತುಂಬಿ ತುಳುಕಿದವು. ಎಲುಬು ಚರ್ಮ ಒಂದಾಗಿ ಒಳಗೆ ಬಂದವರಲ್ಲಿ ಹಲವರು ಅನ್ನ ಸಿಕ್ಕ ಮೇಲೂ ಬದುಕುಳಿಯಲಿಲ್ಲವಾದ್ದರಿಂದ ಆ ವರ್ಷಗಳ ಸಾವಿನ ಪಟ್ಟಿಯಲ್ಲಿ ಜೈಲಿನ ತಪ್ಪೆಷ್ಟು, ಬರದ ಹೊಣೆ ಎಷ್ಟು ಎಂದು ಬಿಡಿಸುವುದು ಸುಲಭವಲ್ಲ. ಜೈಲಿನ ಊಟವು ಬಡವನ ಊಟಕ್ಕಿಂತ ಕೀಳಾಗಿರಬೇಕೆಂಬ ತತ್ತ್ವಕ್ಕೆ ಒಂದು ಮಿತಿಯಿದೆ ಎಂಬುದನ್ನಂತೂ ಈ ಬರ ತೋರಿಸಿಕೊಟ್ಟಿತು: ಬಡವನ ಊಟವೇ ಶೂನ್ಯವಾದಾಗ ಅದಕ್ಕಿಂತ ಕೀಳಾದುದನ್ನು ಬಡಿಸಲು ಸಾಧ್ಯವಿಲ್ಲ.

ದುಡಿಮೆಯ ವಿಷಯದಲ್ಲಿ ಎರಡು ಮತಗಳಿದ್ದವು. ಗಾಣ ತಿರುಗಿಸುವುದು, ಕಲ್ಲು ಒಡೆಯುವುದು, ಹಿಟ್ಟು ಬೀಸುವುದು ಇಂಥ ಬೆನ್ನು ಮುರಿಯುವ ಕೆಲಸವೇ ಶಿಕ್ಷೆಯ ಸಾರ ಎನ್ನುವವರು ಒಂದೆಡೆ ಇದ್ದರೆ, ಕೈದಿಗೆ ಕಸುಬು ಕಲಿಸಿ ಅವನ ದುಡಿಮೆಯಿಂದಲೇ ಜೈಲಿನ ಖರ್ಚು ತೆಗೆಯಬೇಕೆಂದು ವಾದಿಸಿದ ಮೊವಾಟ್‌ನಂಥವರು ಇನ್ನೊಂದೆಡೆ ಇದ್ದರು. ಅಲಿಪುರದ ಜೈಲು ಅವನ ಕಾಲದಲ್ಲಿ ಗೋಣಿ ನೇಯುವ, ಸರ್ಕಾರಿ ನಮೂನೆಗಳನ್ನು ಅಚ್ಚುಹಾಕುವ ಕಾರ್ಖಾನೆಯೇ ಆಯಿತು. ಆಗ್ರಾ, ಲಾಹೋರ್, ಯರವಡಾ ಜೈಲುಗಳ ರತ್ನಗಂಬಳಿಗಳು ಯುರೋಪಿನ ಮಾರುಕಟ್ಟೆಯನ್ನು ತಲುಪಿದವು. ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ವಾಟರ್ಲೂ ಸಭಾಂಗಣಕ್ಕೆ ವಿಕ್ಟೋರಿಯಾ ರಾಣಿಗಾಗಿ ಹಾಸಿದ ಬೃಹತ್ ಗಂಬಳಿಯನ್ನು ನೇಯ್ದವರು ಆಗ್ರಾದ ಕೈದಿಗಳು. ಲೂಯಿನ್ ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದ 1860ರ ದಶಕದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕೇಂದ್ರ ಕಾರಾಗೃಹವೂ ಗಂಬಳಿಗಳಿಗೆ ಹೆಸರಾಗಿತ್ತು. ನಡುವೆ ಒಂದು ಕಾವಲು ಗೋಪುರ, ಅದರಿಂದ ಸುತ್ತಲಿನ ಬರಾಕುಗಳ ಮೇಲೆಲ್ಲ ಕಣ್ಣಿಡಬಲ್ಲ ವಿನ್ಯಾಸ, ಇದು ಆ ಕಾಲದ ಜೈಲು ವಾಸ್ತುವಿನ ಲಕ್ಷಣ. ಈಗ ಫ್ರೀಡಂ ಪಾರ್ಕ್ ಎಂದು ಕರೆಯುವ ಜಾಗದಲ್ಲಿ ಆ ಗೋಪುರವನ್ನು ಇಂದಿಗೂ ನೋಡಬಹುದು. ಗೋಪುರದಿಂದ ಎಷ್ಟೇ ಕಣ್ಣಿಟ್ಟರೂ ಕಾವಲುಗಾರರ ಸಂಬಳಕ್ಕೆ ಹಣ ಸಾಲದ್ದರಿಂದ ಎಲ್ಲ ಪ್ರಾಂತಗಳಲ್ಲೂ ಹಳೆಯ ಕೈದಿಗಳನ್ನೇ ಪಹರೆಯವರಾಗಿ, ಮೇಸ್ತ್ರಿಗಳಾಗಿ, ವಾರ್ಡರುಗಳಾಗಿ ನೇಮಿಸುವ ಪದ್ಧತಿ ಬೆಳೆಯಿತು. ರಾತ್ರಿ ಬೀಗ ಹಾಕಿದ ಬರಾಕಿನೊಳಗೆ ನಿಜವಾದ ಅಧಿಕಾರ ನಡೆಸುತ್ತಿದ್ದವರು ಇವರೇ. ಲಂಚ, ಹೊಡೆತ, ಹೊಗೆಸೊಪ್ಪಿನ ವ್ಯಾಪಾರ ಮೊದಲಾಗಿ 1838ರ ಸಮಿತಿ ಓಡಿಸಲು ಹೊರಟದ್ದೆಲ್ಲ ಇವರ ಮೂಲಕ ಮರಳಿ ಬಂದವು.

ಶತಮಾನದ ಅಂತ್ಯದ ಹೊತ್ತಿಗೆ ವೈದ್ಯನ ಸ್ಥಾನ ಎಷ್ಟು ಭದ್ರವಾಗಿತ್ತು ಎಂಬುದಕ್ಕೆ 1894ರ ಕಾರಾಗೃಹ ಕಾಯಿದೆಯೇ ನಿದರ್ಶನ. ದುಡಿಯುವ ಪ್ರತಿಯೊಬ್ಬ ಕೈದಿಯ ತೂಕವನ್ನು ಹದಿನೈದು ದಿನಕ್ಕೊಮ್ಮೆಯಾದರೂ ಅವನ ಚರಿತ್ರೆಯ ಚೀಟಿಯಲ್ಲಿ, ಎಂದರೆ ಒಳಬಂದಂದಿನಿಂದ ಅವನ ಎಲ್ಲ ವಿವರಗಳನ್ನು ಬರೆದಿಡುವ ಕಾಗದದಲ್ಲಿ, ದಾಖಲಿಸಬೇಕೆಂದು ಅದು ವಿಧಿಸಿತು. ದುಡಿಮೆಯಿಂದ ಯಾರ ಆರೋಗ್ಯವಾದರೂ ಕೆಡುತ್ತಿದೆಯೆಂದು ವೈದ್ಯಾಧಿಕಾರಿಗೆ ಕಂಡರೆ ಅವನನ್ನು ಆ ಕೆಲಸದಿಂದ ಬಿಡಿಸಬೇಕಾಗಿತ್ತು. ಅದೇ ಕಾಯಿದೆ ಜೈಲಿನೊಳಗಿನ ಅಪರಾಧಗಳಿಗೆ ಮೂವತ್ತರವರೆಗೆ ಬೆತ್ತದ ಏಟುಗಳನ್ನು, ದಂಡದ ಊಟವನ್ನು, ಎಂದರೆ ಶಿಕ್ಷೆಯಾಗಿ ಕಡಿತಗೊಳಿಸಿದ ಆಹಾರವನ್ನು ಅನುಮತಿಸಿತು ಮತ್ತು ಈ ಶಿಕ್ಷೆಗಳನ್ನು ಕೊಡುವ ಮುನ್ನ ಕೈದಿ ಅವನ್ನು ತಾಳಿಕೊಳ್ಳಬಲ್ಲನೆಂದು ವೈದ್ಯಾಧಿಕಾರಿ ಪರೀಕ್ಷಿಸಿ ಬರೆದುಕೊಡಬೇಕೆಂದು ಹೇಳಿತು. ಹೀಗೆ ಕೈದಿಯನ್ನು ಅತಿ ದುಡಿಮೆಯಿಂದ ಕಾಪಾಡುವ ಕೈಯೇ ಅವನ ಬೆನ್ನು ಎಷ್ಟು ಏಟು ಸಹಿಸಬಲ್ಲದು ಎಂಬುದಕ್ಕೂ ಸಹಿ ಹಾಕಿತು. ಪೆಂಟನ್‌ವಿಲ್ಲಿನ ಪಾದ್ರಿ ಪಶ್ಚಾತ್ತಾಪವನ್ನು ಗಮನಿಸುತ್ತಿದ್ದ ಸ್ಥಾನದಲ್ಲಿ ಇಲ್ಲಿ ವೈದ್ಯನು ತಕ್ಕಡಿಯನ್ನು ಗಮನಿಸುತ್ತಿದ್ದನು.

ಈ ಸಂಬಂಧದ ಅತ್ಯಂತ ಪ್ರಸಿದ್ಧ ಘಟನೆ 1897ರ ಜನವರಿಯಲ್ಲಿ ಮುಂಬಯಿಯ ಬೈಕಲಾ 'ಹೌಸ್ ಆಫ್ ಕರೆಕ್ಷನ್' ಎಂಬ ಜೈಲಿನಲ್ಲಿ ನಡೆಯಿತು. ಪ್ಲೇಗಿಗೆ ಲಸಿಕೆ ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್‌ಕಿನ್ ಅದನ್ನು ಜನವರಿ 10ರಂದು ತನಗೇ ಚುಚ್ಚಿಸಿಕೊಂಡಿದ್ದನು. ಆ ತಿಂಗಳ ಕೊನೆಯಲ್ಲಿ ಜೈಲಿಗೆ ಪ್ಲೇಗು ನುಗ್ಗಿದಾಗ ಸುಮಾರು ಅರ್ಧದಷ್ಟು ಕೈದಿಗಳು ಲಸಿಕೆಗೆ ಮುಂದೆ ಬಂದರು. ಉಳಿದವರು ಹಾಗೆಯೇ ಇದ್ದರು. ಲಸಿಕೆ ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ರೋಗ ತಗುಲಿ 6 ಜನ ಸತ್ತರೆ, ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ತಗುಲಿತು, ಯಾರೂ ಸಾಯಲಿಲ್ಲ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಊರಿನ ಸಾವಿರಾರು ಜನರಿಗೆ ಇದೇ ಲಸಿಕೆಯನ್ನು ಹಾಕಲಾಯಿತು. ಕೈದಿಗಳು ಸ್ವಇಚ್ಛೆಯಿಂದ ಮುಂದೆ ಬಂದರೆಂದು ದಾಖಲೆಗಳು ಹೇಳುತ್ತವೆ. ಬೀಗ ಹಾಕಿದ ಬಾಗಿಲಿನ ಹಿಂದೆ, ಸಾವು ಕಣ್ಣಮುಂದೆ ಇರುವಾಗ, ಸರ್ಕಾರಿ ವೈದ್ಯನ ಎದುರು ನಿಂತವನ ಇಚ್ಛೆ ಎಷ್ಟರಮಟ್ಟಿಗೆ ಸ್ವಂತದ್ದು ಎಂದು ಇಂದಿನ ಓದುಗ ಕೇಳಬಹುದು. ಆದರೆ ಉಣಿಸು, ತಂಬಿಗೆಗಳಿಗಾಗಿ ಪ್ರಾಣ ಕೊಡಲು ಸಿದ್ಧರಾಗಿದ್ದ ಕೈದಿಗಳ ಪರಂಪರೆಯನ್ನು ನೆನೆದರೆ ಅವರಿಗೆ ನಿರಾಕರಿಸುವುದು ತಿಳಿದಿರಲಿಲ್ಲವೆಂದು ಹೇಳಲೂ ಆಗದು. ಬೈಕಲಾದಲ್ಲಿಯೂ ಅರ್ಧದಷ್ಟು ಜನ ಒಲ್ಲೆವೆಂದಿದ್ದರು.

1919–20ರಲ್ಲಿ ಅಲೆಗ್ಸಾಂಡರ್ ಕಾರ್ಡ್ಯೂ ಅಧ್ಯಕ್ಷತೆಯ ಭಾರತೀಯ ಜೈಲು ಸಮಿತಿಯು ಈ ನೂರು ವರ್ಷಗಳ ಪರಾಮರ್ಶೆ ನಡೆಸಿ, ಆರೋಗ್ಯ, ಆಹಾರ, ದುಡಿಮೆಗಳಲ್ಲಿ ಜೈಲುಗಳು ಮುಂದುವರಿದಿವೆ, ಕೈದಿಯನ್ನು ಮನುಷ್ಯನಾಗಿ ಕಂಡು ಸುಧಾರಿಸುವ ಕೆಲಸದಲ್ಲಿ ಹಿಂದುಳಿದಿವೆ ಎಂಬ ತೀರ್ಮಾನಕ್ಕೆ ಬಂದಿತು. ಆ ತೀರ್ಮಾನ ಸರಿಯಾದುದೇ. 1894ರ ಕಾಯಿದೆಯು ಸ್ವಾತಂತ್ರ್ಯಾನಂತರವೂ ಜೈಲು ಆಡಳಿತದ ಬುನಾದಿಯಾಗಿ ಉಳಿಯಿತು, ರಾಜ್ಯಗಳ ಜೈಲು ಕೈಪಿಡಿಗಳು ಹಳೆಯ ಸಂಹಿತೆಗಳ ಮಾತುಗಳನ್ನು ಹಾಗೆಯೇ ಹೊತ್ತು ತಂದವು. ಅಡುಗೆಯನ್ನು ತಕ್ಕ ಜಾತಿಯವರಿಗೆ, ಕಸ ಬಳಿಯುವುದನ್ನು ಅದನ್ನೇ ಕಸುಬಾಗಿಸಿದ ಜಾತಿಯವರಿಗೆ ಹಂಚುವ ನಿಯಮಗಳು ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ ಸಾರಿದ್ದು 2024ರ ಅಕ್ಟೋಬರ್ 3ರಂದು. ಕೈದಿಗಳ ದಾಖಲೆ ಪುಸ್ತಕಗಳಲ್ಲಿನ ಜಾತಿಯ ಅಂಕಣವನ್ನು ಅಳಿಸಿ, ಮೂರು ತಿಂಗಳೊಳಗೆ ಕೈಪಿಡಿಗಳನ್ನು ತಿದ್ದಬೇಕೆಂದು ಅದು ಎಲ್ಲ ರಾಜ್ಯಗಳಿಗೂ ಆದೇಶಿಸಿತು.